ಚಕ್ಕೋತದ ಕಹಿ ತಿಂದ್ರೆ ಕೊಲೆಸ್ಟ್ರಾಲ್ ಇಳಿಯುತ್ತಾ? ನರಿಂಜಿನ್ ಬಗ್ಗೆ ಗೊತ್ತಿರೋರು ಹೇಳಿ

ತೋಟದಮನೆ_ಮೂಡಿಗೆರೆ

ನಮಸ್ಕಾರ ಎಲ್ರಿಗೂ. ನಮ್ಮನೆ ಹಿತ್ಲಲ್ಲಿ ಒಂದು ಹಳೇ ಚಕ್ಕೋತದ ಮರ ಇದೆ, ಬಚ್ಚಲ ನೀರು ಹೋಗೋ ಜಾಗದಲ್ಲಿ. ಯಾರೂ ಗೊಬ್ಬರ ಹಾಕಲ್ಲ, ಔಷಧಿ ಹೊಡೆಯಲ್ಲ, ಆದ್ರೂ ವರ್ಷಾ ವರ್ಷಾ ಬಿಡುತ್ತೆ, ಈ ಸಲ ಅಂತೂ ಗೌರಿ ಹಬ್ಬದ ಹೊತ್ತಿಗೆ ಕೊಂಬೆಗೆ ಗೂಟ ಕೊಡೋ ಹಂಗಾಗಿತ್ತು. ಇಷ್ಟು ದಿನ ಹಬ್ಬಕ್ಕೆ ಅಂತ ಒಂದೆರಡು ಕಿತ್ತು ಮಿಕ್ಕಿದ್ದನ್ನ ಲೈನ್ ಮನೆ ಹುಡುಗ್ರು ಫುಟ್‌ಬಾಲ್ ಆಡ್ತಿದ್ರು, ಯಾಕಂದ್ರೆ ಕಹಿ ಜಾಸ್ತಿ.

ಈಗ ಅಪ್ಪನಿಗೆ ಯಾರೋ ವಾಟ್ಸಾಪಲ್ಲಿ ಒಂದು ವಿಡಿಯೋ ಕಳ್ಸಿದಾರೆ. ಚಕ್ಕೋತದ ಸಿಪ್ಪೆ ಒಳಗಿನ ಬಿಳೀ ಬೆಂಡಲ್ಲಿ ನರಿಂಜಿನ್ ಅನ್ನೋ ಕಹಿ ಫ್ಲೇವನಾಯ್ಡ್ (ಗಿಡಗಳಲ್ಲಿರೋ ಒಂದು ಗುಂಪಿನ ರಾಸಾಯನಿಕ) ಇದೆ, ಅದು ಕೊಲೆಸ್ಟ್ರಾಲ್, ಶುಗರ್, ಬೊಜ್ಜು, ಮಂಡಿ ನೋವು ಎಲ್ಲಾನೂ ಕಳೆಯುತ್ತೆ, ಮಾತ್ರೆ ಬಿಸಾಕಿ ಅಂತ. ಅಪ್ಪ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಅಂಗೈ ಅಗಲ ಬೆಂಡು ಜಗಿಯೋಕೆ ಶುರು ಮಾಡಿದಾರೆ, ಮುಖ ನೋಡಿದ್ರೆ ನಮಗೇ ಕಹಿ ಆಗುತ್ತೆ. ಕೊಲೆಸ್ಟ್ರಾಲ್ ಮಾತ್ರೆ ಇನ್ನೂ ಬಿಟ್ಟಿಲ್ಲ, ಆದ್ರೆ ಬಿಡೋ ಯೋಚ್ನೆಲಿದಾರೆ. ಆನ್‌ಲೈನಲ್ಲಿ ನರಿಂಜಿನ್ ಕ್ಯಾಪ್ಸೂಲ್ ಬೇರೆ ಸಿಗುತ್ತಂತೆ, ತರ್ಸು ಅಂತಾರೆ. ಇದ್ರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ಕೆಮಿಸ್ಟ್ರಿ ಗೊತ್ತಿರೋರು, ಮೆಡಿಕಲ್ ಲೈನಲ್ಲಿರೋರು ದಯವಿಟ್ಟು ಬರೀರಿ.

ಬೇಲೂರು_ಬಸ್ಸು

ಕಹಿ ಇರೋದೆಲ್ಲಾ ಔಷಧಿ ಆಗಿದ್ರೆ ನಮ್ಮ ಹಾಸ್ಟೆಲ್ ಕಾಫಿ ಕುಡ್ದೋರೆಲ್ಲಾ ನೂರು ವರ್ಷ ಬದುಕ್ಬೇಕಿತ್ತು ಗುರೂ 😄 ಸೀರಿಯಸ್ಸಾಗಿ ಹೇಳೋದಾದ್ರೆ ಮಾತ್ರೆ ಮಾತ್ರ ಬಿಡಬೇಡಿ ಅನ್ನಿ ಅವರಿಗೆ.

ರಸಾಯನ_ಮೇಷ್ಟ್ರು_ಹಾಸನ

ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡಿ ರಿಟೈರ್ ಆದವನು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳಿ.

ಮೊದಲಿಗೆ ವಿಡಿಯೋದಲ್ಲಿ ನಿಜ ಇರೋ ಭಾಗ. ಚಕ್ಕೋತದಲ್ಲಿ ನರಿಂಜಿನ್ ಇರೋದು ಹೌದು, ಬೆಂಡಲ್ಲಿ ಮತ್ತೆ ತೊಳೆ ಸುತ್ತೋ ಪೊರೇಲಿ ಜಾಸ್ತಿ, ಒಳಗಿನ ರಸದಲ್ಲಿ ಕಮ್ಮಿ. ಮಿಡಿ ಕಾಯಲ್ಲಿ ತೂಕದ ಲೆಕ್ಕಕ್ಕೆ ಬಹಳ ಇರುತ್ತೆ, ಕಾಯಿ ದಪ್ಪ ಆಗ್ತಾ ಆಗ್ತಾ ಅದು ಹಂಚಿ ಹೋಗಿ ಕಹಿ ಇಳಿಯುತ್ತೆ, ಅದಕ್ಕೇ ಮರದಲ್ಲೇ ಪೂರ್ತಿ ಬಲಿತ ಹಣ್ಣಿನ ರುಚಿ ಬೇರೆ. ಡಿ ವ್ರೀ ಅನ್ನೋ ಡಚ್ ವಿಜ್ಞಾನಿ 1857ರಲ್ಲೇ ಜಾವಾದಲ್ಲಿ ಇದೇ ಜಾತಿ ಮರದ ಹೂವಲ್ಲಿ ಇದನ್ನ ಕಂಡಿದ್ದ, ಅಂದ್ರೆ ಹೊಸಾ ಪದಾರ್ಥ ಏನಲ್ಲ.

ಅಣುವಿನ ಲೆಕ್ಕ: ಕಾರ್ಬನ್ 27, ಹೈಡ್ರೋಜನ್ 32, ಆಕ್ಸಿಜನ್ 14, ಅಣುತೂಕ 580 ಚಿಲ್ಲರೆ. ಇದು ಎರಡು ಭಾಗ ಸೇರಿ ಆಗಿರೋದು. ಒಂದು ಭಾಗ ನರಿಂಜೆನಿನ್, ಇದೇ ಫ್ಲೇವನಾಯ್ಡ್. ಇನ್ನೊಂದು ಭಾಗ ಎರಡು ಸಕ್ಕರೆಯ ಜೋಡಿ, ಗ್ಲೂಕೋಸು ಮತ್ತೆ ರಾಮ್ನೋಸು. ಈಗ ಮಜಾ ನೋಡಿ, ನರಿಂಜೆನಿನ್ ಒಂದೇ ಇದ್ರೆ ಕಹಿ ಇಲ್ಲ. ಸಕ್ಕರೆ ಅಂತೂ ಕಹಿ ಅಲ್ವೇ ಅಲ್ಲ. ಎರಡೂ ಸೇರಿದ್ರೆ ಒಂದು ಲೀಟರ್ ನೀರಿಗೆ ಬರೀ 20 ಮಿಲಿಗ್ರಾಂ ಸುಮಾರು ಹಾಕಿದ್ರೂ ನಾಲಿಗೆಗೆ ಕಹಿ ಗೊತ್ತಾಗುತ್ತೆ.

ಇನ್ನೂ ಮಜಾ ಏನಂದ್ರೆ, ನಮ್ಮ ಕಿತ್ತಳೇಲಿ ನರಿರುಟಿನ್ ಅಂತ ಒಂದಿದೆ. ಅದೇ ನರಿಂಜೆನಿನ್, ಅದೇ ಎರಡು ಸಕ್ಕರೆ, ಅಣುತೂಕಾನೂ ಅಷ್ಟೇ. ಆದ್ರೆ ಕಹಿ ಇಲ್ಲ! ಯಾಕೆ? ನರಿಂಜಿನ್‌ನಲ್ಲಿ ರಾಮ್ನೋಸು ಗ್ಲೂಕೋಸಿನ 2ನೇ ಕಾರ್ಬನ್‌ಗೆ ಅಂಟಿರುತ್ತೆ, ನರಿರುಟಿನ್‌ನಲ್ಲಿ 6ನೇ ಕಾರ್ಬನ್‌ಗೆ. ಅಷ್ಟೇ ವ್ಯತ್ಯಾಸ. ಅರಸೀಕೆರೆ ಜಂಕ್ಷನ್ನಲ್ಲಿ ಅದೇ ಬೋಗಿನ ಬೇರೆ ಗಾಡಿಗೆ ಸಿಕ್ಕಿಸಿದ್ರೆ ಮೈಸೂರಿಗೆ ಹೋಗೋದು ಶಿವಮೊಗ್ಗಕ್ಕೆ ಹೋಗುತ್ತಲ್ಲ, ಹಂಗೆ. 2ನೇ ಜಾಗಕ್ಕೆ ಅಂಟಿಸೋ ಕಿಣ್ವ ಚಕ್ಕೋತದ ವಂಶದಲ್ಲಿದೆ, ಕಿತ್ತಳೆ ವಂಶದಲ್ಲಿ 6ನೇ ಜಾಗದ್ದು ಕೆಲಸ ಮಾಡುತ್ತೆ. ಫಾರಿನ್ನೋರ ಗ್ರೇಪ್‌ಫ್ರೂಟ್ ಇದೆಯಲ್ಲ, ಅದು ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ಹುಟ್ಟಿದ ಮಿಶ್ರತಳಿ, ವೆಸ್ಟ್ ಇಂಡೀಸ್ ಕಡೆ ಆಗಿದ್ದು, ಅಪ್ಪನ ಕಡೆಯದ್ದೋ ಅಮ್ಮನ ಕಡೆಯದ್ದೋ ಕಹಿ ಅದಕ್ಕೂ ಬಂದಿದೆ.

ಇದಕ್ಕಿಂತ ಚೆಂದದ್ದು ಒಂದು ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕ ಕೃಷಿ ಇಲಾಖೆ ಲ್ಯಾಬಲ್ಲಿ ಹೊರೊವಿಟ್ಸ್ ಮತ್ತೆ ಜೆಂಟಿಲಿ ಅನ್ನೋ ಇಬ್ಬರು 1963ರ ಹೊತ್ತಿಗೆ ಈ ಕಹಿ ಯಾಕೆ ಅಂತ ಹುಡುಕ್ತಾ ನರಿಂಜಿನ್ ಅಣುವಿನ ಒಂದು ಉಂಗುರ ಬಿಚ್ಚಿ ಹೈಡ್ರೋಜನ್ ಸೇರಿಸಿದ್ರು. ಬಂದ ಪದಾರ್ಥ ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ! ಅದರ ಅಣ್ಣತಮ್ಮ ನಿಯೋಹೆಸ್ಪೆರಿಡಿನ್‌ನಿಂದ ಮಾಡಿದ್ದು ಇನ್ನೂ ಸಿಹಿ, ಸಾವಿರದ ಐನೂರು ಪಟ್ಟು ಅಂತಾರೆ, ಯುರೋಪಲ್ಲಿ ಇ959 ಅನ್ನೋ ನಂಬರಲ್ಲಿ ಈಗಲೂ ತಿಂಡಿ ಪಾನೀಯಕ್ಕೆ ಹಾಕ್ತಾರೆ.

ಇದು ಕೆಮಿಸ್ಟ್ರಿ. ಆರೋಗ್ಯದ ಭಾಗ ನನ್ನ ಲೈನಲ್ಲ, ಔಷಧಿ ಅಂಗಡಿಯೋರು ಯಾರಾದ್ರೂ ಬರೀಲಿ.

ಬೇಲೂರು_ಬಸ್ಸು

ಮೇಷ್ಟ್ರೇ ನಿಮ್ಮ ಕ್ಲಾಸಲ್ಲಿ ಕೂತಿದ್ರೆ ನಾನು ಕೆಮಿಸ್ಟ್ರಿಲಿ ಡುಮ್ಕಿ ಹೊಡೀತಿರ್ಲಿಲ್ಲ.

ಸಕಲೇಶಪುರದ_ಅತ್ತಿಗೆ

ಮೂಡಿಗೆರೆ ಅಣ್ಣ, ಬೆಂಡು ಹಸಿ ಜಗಿಯೋದು ಯಾವ ಕರ್ಮ! ತೊಳೆ ಬಿಡಿಸಿ, ಮೇಲಿನ ಪೊರೆ ಪೂರ್ತಿ ಸುಲಿದು, ಒಳಗಿನ ಎಳೆ ಮಾತ್ರ ಉದುರಿಸಿ, ಉಪ್ಪು, ಸೂಜಿಮೆಣಸು ಅರೆದಿದ್ದು, ಚೂರು ಬೆಲ್ಲದ ಪುಡಿ ಹಾಕಿ ಕಲಸಿ ಒಂದು ಐದು ನಿಮಿಷ ಬಿಟ್ಟು ತಿನ್ನಿ, ಕಹಿ ಎಲ್ಲಿ ಹೋಯ್ತು ಅಂತ ಗೊತ್ತೇ ಆಗಲ್ಲ. ಉಪ್ಪು ಹಾಕದೆ ಬರೀ ಸಕ್ಕರೆ ಹಾಕಿದ್ರೆ ಕಹಿ ಹಂಗೇ ಉಳಿಯುತ್ತೆ, ಇದು ನಾನು ಗಮನಿಸಿರೋದು.

ನಮ್ಮತ್ತೆ ಹೇರಳೆಕಾಯಿ ಗೊಜ್ಜಿಗೆ ಹೆಚ್ಚಿದ ಹೋಳನ್ನ ಮೊದ್ಲು ಕುದಿಯೋ ನೀರಿಗೆ ಹಾಕಿ ಆ ನೀರು ಚೆಲ್ಲಿ ಆಮೇಲೆ ಹುಣಸೆಹುಳಿ, ಬೆಲ್ಲ, ಮೆಂತ್ಯ ಹುರಿದ ಪುಡಿ ಹಾಕೋರು. ತಣ್ಣೀರಲ್ಲಿ ನೆನೆಸಿದ್ರೆ ಅಷ್ಟು ಕಹಿ ಬಿಡಲ್ಲ ಅನ್ನೋರು. ಮೇಷ್ಟ್ರೇ ಇದಕ್ಕೇನಾದ್ರೂ ಕಾರಣ ಉಂಟಾ? ಇನ್ನೊಂದು ಪ್ರಶ್ನೆ, ಮನೇಲಿ ಮೂಸಂಬಿ ಜ್ಯೂಸ್ ಮಾಡಿಟ್ರೆ ಆಗ ಸಿಹಿ ಇರುತ್ತೆ, ಮಧ್ಯಾಹ್ನಕ್ಕೆ ಫ್ರಿಡ್ಜಿಂದ ತೆಗೆದ್ರೆ ಕಹಿ. ಇದೂ ನರಿಂಜಿನ್ನೇನಾ?

ರಸಾಯನ_ಮೇಷ್ಟ್ರು_ಹಾಸನ

ಸಕಲೇಶಪುರದ ಮೇಡಂ, ನಿಮ್ಮ ಅಡಿಗೆಮನೆಲಿ ನನ್ನ ಲ್ಯಾಬಿಗಿಂತ ಜಾಸ್ತಿ ಕೆಮಿಸ್ಟ್ರಿ ನಡೀತಿದೆ.

ಉಪ್ಪಿನ ವಿಚಾರ: ಸೋಡಿಯಂ ನಾಲಿಗೆ ಮೇಲೆ ಕಹಿಯ ಅನುಭವಾನೇ ತಗ್ಗಿಸುತ್ತೆ. ಬ್ರೆಸ್ಲಿನ್ ಮತ್ತೆ ಬೋಶಾಂಪ್ ಅನ್ನೋರು 1997ರಲ್ಲಿ ನೇಚರ್ ಪತ್ರಿಕೇಲಿ ಇದನ್ನ ಬರೆದಿದ್ರು, ಸಿಹಿ ಮತ್ತು ಕಹಿ ಬೆರೆಸಿದ ದ್ರಾವಣಕ್ಕೆ ಉಪ್ಪು ಹಾಕಿದ್ರೆ ಕಹಿ ಕುಗ್ಗಿ ಸಿಹಿ ಎದ್ದು ಕಾಣುತ್ತೆ ಅಂತ. ನಿಮ್ಮ ಉಪ್ಪು ಬೆಲ್ಲ ಅದೇ ಕೆಲಸ. ಆದ್ರೆ ನರಿಂಜಿನ್ ಅಲ್ಲೇ ಇರುತ್ತೆ, ಎಲ್ಲೂ ಹೋಗಿರಲ್ಲ, ನಾಲಿಗೆಗೆ ಗೊತ್ತಾಗಲ್ಲ ಅಷ್ಟೆ.

ಕುದಿನೀರು: ನರಿಂಜಿನ್ ತಣ್ಣೀರಲ್ಲಿ ಕರಗೋದು ಬಹಳ ಕಮ್ಮಿ, ಲೀಟರಿಗೆ ಒಂದು ಗ್ರಾಮೂ ಇಲ್ಲ. ನೀರು ಕಾದಂಗೆಲ್ಲಾ ಚೆನ್ನಾಗಿ ಕರಗುತ್ತೆ. ಚಕ್ಕೋತದ ಬೆಂಡನ್ನ ಕುದಿಸಿ ನೀರು ಚೆಲ್ಲಿದ್ರೆ ಕಹಿ ಜೊತೆ ನರಿಂಜಿನ್ನೂ ಚರಂಡಿಗೆ ಹೋಗುತ್ತೆ, ಇದು ನಿಜವಾಗಿ ತೆಗೆಯೋದು. ಫ್ಯಾಕ್ಟರಿಗಳಲ್ಲಿ ಇನ್ನೊಂದು ದಾರಿ ಇದೆ, ಆಸ್ಪರ್ಜಿಲಸ್ ನೈಗರ್ ಅನ್ನೋ ಕಪ್ಪು ಬೂಷ್ಟಿನಿಂದ ತೆಗೆದ ನರಿಂಜಿನೇಸ್ ಅನ್ನೋ ಕಿಣ್ವ ಹಾಕ್ತಾರೆ. ಅದು ಮೊದ್ಲು ರಾಮ್ನೋಸ್ ಕತ್ತರಿಸುತ್ತೆ, ಆಗ ಉಳಿಯೋದು ಪ್ರೂನಿನ್, ಕಹಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಆಮೇಲೆ ಗ್ಲೂಕೋಸೂ ಕತ್ತರಿಸಿದ್ರೆ ನರಿಂಜೆನಿನ್, ಕಹಿ ಮಾಯ.

ಮೂಸಂಬಿ: ಇಲ್ಲ, ಅದು ಬೇರೆ ಕಳ್ಳ. ಅವನ ಹೆಸರು ಲಿಮೋನಿನ್, ಫ್ಲೇವನಾಯ್ಡ್ ಅಲ್ಲವೇ ಅಲ್ಲ, ಟ್ರೈಟರ್ಪಿನಾಯ್ಡ್ ಗುಂಪಿನವನು. ಹಣ್ಣಲ್ಲಿ ಇರೋವಾಗ ಕಹಿ ಇಲ್ಲದ ರೂಪದಲ್ಲಿ ಇರ್ತಾನೆ, ಹಿಂಡಿದಾಗ ಪೊರೆ ಒಡೆದು ಹುಳಿ ರಸದ ಜೊತೆ ಸೇರಿ ನಿಧಾನಕ್ಕೆ ಉಂಗುರ ಮುಚ್ಚಿಕೊಂಡು ಲಿಮೋನಿನ್ ಆಗ್ತಾನೆ, ಅದಕ್ಕೆ ಗಂಟೆಗಳು ಬೇಕು, ಬಿಸಿ ಮಾಡಿದ್ರೆ ಬೇಗ. ಬೀಜದಲ್ಲಿ ಲಿಮೋನಿನ್ ಬಹಳ, ಮಿಕ್ಸಿಗೆ ಬೀಜ ಸಮೇತ ಹಾಕಿದ್ರೆ ಕೆಟ್ಟಿತು ಕತೆ. ಮೂಸಂಬಿನ ಹಿಂಡಿದ ತಕ್ಷಣ ಕುಡೀಬೇಕು ಅನ್ನೋದು ಅದಕ್ಕೇ. ನರಿಂಜಿನ್ ಕಹಿ ಕಚ್ಚಿದ ಕ್ಷಣಕ್ಕೇ ಬರುತ್ತೆ, ಲಿಮೋನಿನ್ ಕಹಿ ಕಾದು ಬರುತ್ತೆ, ಹಿಂಗೆ ಗುರುತು ಹಿಡೀಬಹುದು.

ಸಕಲೇಶಪುರದ_ಅತ್ತಿಗೆ

ಓ ಹಂಗೆ! ಬೀಜ ಸಮೇತ ಹಾಕೋದು ನಮ್ಮ ಯಜಮಾನ್ರು. ಇವತ್ತು ಓದಿಸ್ತೀನಿ.

ನೇಚರ್_ಕ್ಯೂರ್_ಕಡೂರು

ಎಲ್ಲಾ ಕೆಮಿಸ್ಟ್ರಿ ಹೇಳಿದ್ರಿ ಮೇಷ್ಟ್ರೇ, ಉಪಯೋಗ ಹೇಳ್ಲಿಲ್ಲ. ಕೊರಿಯಾದಲ್ಲಿ ಮನುಷ್ಯರ ಮೇಲೇ ಟೆಸ್ಟ್ ಮಾಡಿದಾರೆ, ಕೆಟ್ಟ ಕೊಲೆಸ್ಟ್ರಾಲ್ 17 ಪರ್ಸೆಂಟ್ ಇಳಿದಿದೆ. ಇಲಿಗಳ ಮೇಲೆ ಅಂತೂ ಲೆಕ್ಕ ಇಲ್ಲದಷ್ಟು ರಿಸರ್ಚ್ ಇದೆ, ಶುಗರ್, ಲಿವರ್ ಕೊಬ್ಬು, ಮೂಳೆ ಸವೆತ ಎಲ್ಲಾಕ್ಕೂ ರಾಮಬಾಣ. ಚೀನಾದವರು ಮೂಳೆ ಮುರಿತಕ್ಕೆ ಕೊಡೋ ಜರೀಗಿಡದ ಬೇರಲ್ಲೂ ನರಿಂಜಿನ್ನೇ ಇರೋದು. ಆದ್ರೆ ಮಾತ್ರೆ ಕಂಪನಿಗಳಿಗೆ ಹಿತ್ಲ ಮರದಿಂದ ಲಾಭ ಇಲ್ಲ, ಅದಕ್ಕೆ ಮುಚ್ಚಿಡ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮ್ಮವರಿಗೇ ಸರಿ.

ಮಾತ್ರೆಡಬ್ಬಿ_ಚಿಕ್ಕಮಗಳೂರು

ಕಡೂರಿನವರೇ, ಮುಚ್ಚಿಟ್ಟಿಲ್ಲ, ಎರಡೂ ಕಡೆ ಪ್ರಿಂಟ್ ಆಗಿದೆ, ನಿಮ್ಮ ವಿಡಿಯೋದವರು ಒಂದೇ ಓದಿದಾರೆ. ಐಜಿ ರೋಡ್ ಹತ್ರ ಔಷಧಿ ಅಂಗಡಿ ಇಟ್ಕೊಂಡು ದಿನಾ ಈ ಪ್ರಶ್ನೆ ಕೇಳ್ತೀನಿ ಅದಕ್ಕೆ ಬಿಡಿಸಿ ಬರೀತೀನಿ.

ನೀವು ಹೇಳಿದ್ದು 2003ರದ್ದು. ದಿನಕ್ಕೆ 400 ಮಿಲಿಗ್ರಾಂ ನರಿಂಜಿನ್, 8 ವಾರ. ಕೊಲೆಸ್ಟ್ರಾಲ್ ಜಾಸ್ತಿ ಇದ್ದೋರಲ್ಲಿ ಎಲ್‌ಡಿಎಲ್ ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ 17 ಪರ್ಸೆಂಟ್, ಒಟ್ಟು ಕೊಲೆಸ್ಟ್ರಾಲ್ 14 ಪರ್ಸೆಂಟ್ ಇಳೀತು, ಹೌದು. ಟ್ರೈಗ್ಲಿಸರೈಡು, ಒಳ್ಳೇ ಕೊಲೆಸ್ಟ್ರಾಲು ಹಂಗೇ ಇದ್ವು. ಕೊಲೆಸ್ಟ್ರಾಲ್ ನಾರ್ಮಲ್ ಇದ್ದೋರಿಗೆ ಏನೂ ಆಗ್ಲಿಲ್ಲ. ಒಟ್ಟು 60 ಜನ, ಎರಡು ಗುಂಪು ಸೇರಿ.

ಈಗ 2010ರದ್ದು ಓದಿ. ಸುಮಾರು 200 ಜನ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇರೋರೇ, ದಿನಕ್ಕೆ 500 ಮಿಲಿಗ್ರಾಂ ಶುದ್ಧ ನರಿಂಜಿನ್ ಕೆಲವರಿಗೆ, 800 ಮಿಲಿಗ್ರಾಂ ಹೆಸ್ಪೆರಿಡಿನ್ (ಕಿತ್ತಳೆಲಿರೋ ಫ್ಲೇವನಾಯ್ಡ್) ಕೆಲವರಿಗೆ, ಮಿಕ್ಕೋರಿಗೆ ಏನೂ ಇಲ್ಲದ ಖಾಲಿ ಮಾತ್ರೆ, ಯಾರಿಗೆ ಯಾವುದು ಅಂತ ಹೇಳದೆ, 4 ವಾರ. ಎಲ್‌ಡಿಎಲ್ ಇಳೀಲಿಲ್ಲ. ಖಾಲಿ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಸಿಗ್ಲಿಲ್ಲ. ಜಾಸ್ತಿ ಜನ, ಜಾಸ್ತಿ ಡೋಸ್, ಖಾಲಿ ಮಾತ್ರೆ ಜೊತೆ ಹೋಲಿಕೆ, ನನ್ನನ್ನ ಕೇಳಿದ್ರೆ ಇದನ್ನೇ ಹೆಚ್ಚು ನಂಬ್ತೀನಿ. 8 ವಾರ ಕೊಟ್ಟಿದ್ರೆ ಇಳೀತಿತ್ತು ಅಂತ ನೀವು ವಾದ ಮಾಡಬಹುದು, ಮಾಡಿ, ಆದ್ರೆ ಡಾಕ್ಟ್ರು ಕೊಲೆಸ್ಟ್ರಾಲ್‌ಗೆ ಕೊಡೋ ಸ್ಟ್ಯಾಟಿನ್ ಮಾತ್ರೆ 4 ವಾರದಲ್ಲೇ ಚೆನ್ನಾಗಿ ಇಳಿಸಿ ತೋರಿಸುತ್ತೆ.

ಇಲಿ ವಿಚಾರ: ಇಲಿಗೆ ಕೊಡೋ ಪ್ರಮಾಣನ ದೇಹದ ತೂಕಕ್ಕೆ ಹೋಲಿಸಿದ್ರೆ ನಾವು ಹಣ್ಣಲ್ಲಿ ತಿನ್ನೋದಕ್ಕಿಂತ ಎಷ್ಟೋ ಪಟ್ಟು. ಅದೂ ಅಲ್ದೆ ನಮ್ಮ ಹೊಟ್ಟೆಲಿ ನರಿಂಜಿನ್ ಇದ್ದಂಗೆ ರಕ್ತಕ್ಕೆ ಹೋಗಲ್ಲ. ಆ ಎರಡು ಸಕ್ಕರೆ ಬಾಲ ಇರೋ ತನಕ ಸಣ್ಣಕರುಳು ಅದನ್ನ ಹೀರಿಕೊಳ್ಳಲ್ಲ, ದೊಡ್ಡಕರುಳಿಗೆ ಬಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆ ಕತ್ತರಿಸಿ ನರಿಂಜೆನಿನ್ ಮಾಡ್ತವೆ. ಅದಕ್ಕೇ ಜ್ಯೂಸ್ ಕುಡಿದು 4-5 ಗಂಟೆ ಆದ ಮೇಲೆ ರಕ್ತದಲ್ಲಿ ಅದು ಗರಿಷ್ಠಕ್ಕೆ ಬರೋದು. ಬಂದ ಸ್ವಲ್ಪಾನೂ ಕರುಳಿನ ಗೋಡೆ, ಲಿವರ್ ಸೇರಿ ಬೇರೆ ರೂಪ ಮಾಡಿ ಮೂತ್ರಕ್ಕೆ ಕಳಿಸಿಬಿಡ್ತವೆ. ಒಬ್ಬರ ಕರುಳಿನ ಬ್ಯಾಕ್ಟೀರಿಯಾ ಇನ್ನೊಬ್ಬರದ್ದರ ಥರ ಇರಲ್ಲ, ಒಂದೇ ಲೋಟ ಕುಡಿದ ಇಬ್ಬರ ರಕ್ತದಲ್ಲಿ ಬಹಳ ವ್ಯತ್ಯಾಸ ಸಿಗುತ್ತೆ. ಪ್ಲೇಟಲ್ಲಿ ಜೀವಕೋಶದ ಮೇಲೆ ಸುರಿದು ನೋಡಿದ ಫಲಿತಾಂಶ ಹೊಟ್ಟೆಗೆ ಅನ್ವಯ ಆಗ್ಬೇಕಾದ್ರೆ ಇಷ್ಟು ಬಾಗಿಲು ದಾಟ್ಬೇಕು.

ಈಗ ಮೂಡಿಗೆರೆ ಸಾರ್‌ಗೆ. ನಿಮ್ಮ ತಂದೆ ತಗೊಳ್ಳೋ ಮಾತ್ರೆ ಹೆಸರೇನು? ಅದನ್ನ ಮೊದ್ಲು ಹೇಳಿ. ನನಗೆ ನರಿಂಜಿನ್‌ಗಿಂತ ಅದರದ್ದೇ ಚಿಂತೆ.

ತೋಟದಮನೆ_ಮೂಡಿಗೆರೆ

ಈಗಷ್ಟೇ ಸ್ಟ್ರಿಪ್ ನೋಡ್ದೆ. ಅಟೊರ್ವಾಸ್ಟಾಟಿನ್ 20 ಅಂತಿದೆ, ರಾತ್ರಿ ಒಂದು. ಬಿಪಿಗೆ ಆಮ್ಲೊಡಿಪಿನ್ 5 ಬೆಳಿಗ್ಗೆ. ಯಾಕೆ ಸಾರ್, ಚಕ್ಕೋತಕ್ಕೂ ಮಾತ್ರೆಗೂ ಏನು ಸಂಬಂಧ? ಹೆದರಿಸಬೇಡಿ ಮಾರಾಯ್ರೆ.

ಮಾತ್ರೆಡಬ್ಬಿ_ಚಿಕ್ಕಮಗಳೂರು

ಹೆದರಬೇಡಿ, ಆದ್ರೆ ತಿಳ್ಕೊಳ್ಳಿ.

ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನೋ ವಿಜ್ಞಾನಿ ಫೆಲೊಡಿಪಿನ್ ಅನ್ನೋ ಬಿಪಿ ಮಾತ್ರೆಗೂ ಆಲ್ಕೋಹಾಲ್‌ಗೂ ಏನು ಸಂಬಂಧ ಅಂತ ನೋಡ್ತಿದ್ರು. ಆಲ್ಕೋಹಾಲ್ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ಜ್ಯೂಸಲ್ಲಿ ಬೆರೆಸಿ ಕೊಟ್ರು. ನೋಡಿದ್ರೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಲೆಕ್ಕ ಮೀರಿ ಏರಿತ್ತು, ಆಲ್ಕೋಹಾಲ್ ಇಲ್ಲದೆ ಬರೀ ಜ್ಯೂಸ್ ಕುಡಿದೋರಲ್ಲೂ ಏರಿತ್ತು! 1989ರಲ್ಲಿ ಮೊದ್ಲು ಹೊರಗೆ ಬಂತು, 1991ರಲ್ಲಿ ಲ್ಯಾನ್ಸೆಟ್‌ನಲ್ಲಿ ಪೂರ್ತಿ ಪ್ರಿಂಟ್ ಆಯ್ತು.

ಕರುಳಿನ ಗೋಡೇಲಿ ಸಿವೈಪಿ3ಎ4 ಅನ್ನೋ ಕಿಣ್ವ ಇದೆ, ಬಂದ ಮಾತ್ರೆಗಳನ್ನ ರಕ್ತಕ್ಕೆ ಬಿಡೋ ಮುಂಚೆನೇ ಒಂದಿಷ್ಟು ಮುರಿದು ಹಾಕೋದು ಅದರ ಕೆಲಸ. ಡಾಕ್ಟ್ರು ಬರೆಯೋ ಡೋಸಲ್ಲಿ ಆ ನಷ್ಟಾನೂ ಲೆಕ್ಕ ಹಿಡಿದಿರುತ್ತೆ. ಗ್ರೇಪ್‌ಫ್ರೂಟಿನ ರಸ ಆ ಕಿಣ್ವನ ಕೆಡಿಸಿಬಿಡುತ್ತೆ, ಆಗ ಅದೇ ಒಂದು ಮಾತ್ರೆ ಎರಡು ಮೂರು ಮಾತ್ರೆಯಷ್ಟು ಕೆಲಸ ಮಾಡುತ್ತೆ.

ಕೆಡಿಸೋದು ಯಾರು? ಮೊದ್ಲು ಎಲ್ರೂ ಅನುಮಾನ ಪಟ್ಟಿದ್ದು ನರಿಂಜಿನ್ ಮೇಲೇ, ಯಾಕಂದ್ರೆ ಅದೇ ಎದ್ದು ಕಾಣೋದು, ಕಿತ್ತಳೇಲಿ ಇಲ್ಲ, ಇದ್ರಲ್ಲಿದೆ. ಶುದ್ಧ ನರಿಂಜಿನ್ ಕೊಟ್ಟು ನೋಡಿದ್ರೆ ಆ ಪರಿಣಾಮ ಬರ್ಲಿಲ್ಲ. ಕೊನೆಗೆ ಸಿಕ್ಕಿದ್ದು ಫ್ಯೂರಾನೊಕೌಮರಿನ್ ಗುಂಪು, ಬರ್ಗಮಾಟಿನ್ ಮತ್ತೆ ಅದರ ಸಂಬಂಧಿಕರು. ಇವು ನಮ್ಮ ಚಕ್ಕೋತದಲ್ಲೂ ಇವೆ, ತಳಿಯಿಂದ ತಳಿಗೆ ಹೆಚ್ಚು ಕಮ್ಮಿ. ಕಿಡ್ನಿ ಕಸಿ ಆದೋರು ತಗೊಳ್ಳೋ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಎರಡೂ ಚಕ್ಕೋತ ತಿಂದಾಗ ರಕ್ತದಲ್ಲಿ ಏರಿದ ದಾಖಲೆ ಇದೆ. ಸಾದಾ ಕಿತ್ತಳೆ ಹಣ್ಣಿಗೆ ಈ ಕಾಟ ಇಲ್ಲ.

ನಿಮ್ಮ ತಂದೆ ವಿಚಾರಕ್ಕೆ ಬಂದ್ರೆ, ಸ್ಟ್ಯಾಟಿನ್‌ಗಳಲ್ಲಿ ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್‌ಗೆ ಈ ಏಟು ಜೋರು, ಅವು ತಗೊಳ್ಳೋರು ಈ ಹಣ್ಣನ್ನ ಮುಟ್ಟದೇ ಇರೋದು ಒಳ್ಳೇದು. ಅಟೊರ್ವಾಸ್ಟಾಟಿನ್‌ಗೆ ಅಷ್ಟು ಜೋರಿಲ್ಲ, ದಿನಾ 1.2 ಲೀಟರಿಗಿಂತ ಜಾಸ್ತಿ ಗ್ರೇಪ್‌ಫ್ರೂಟ್ ಜ್ಯೂಸ್ ಕುಡಿಯೋರಿಗೆ ಅಂತ ಕಂಪನಿಯ ಮಾಹಿತಿ ಕಾಗದದಲ್ಲೇ ಎಚ್ಚರಿಕೆ ಇರುತ್ತೆ. ರೊಸುವಾಸ್ಟಾಟಿನ್, ಪ್ರವಾಸ್ಟಾಟಿನ್‌ಗೆ ಈ ದಾರೀಲಿ ತೊಂದ್ರೆ ಇಲ್ಲ. ಆಮ್ಲೊಡಿಪಿನ್‌ಗೆ ಬಹಳ ಕಮ್ಮಿ. ಹಬ್ಬದಲ್ಲಿ ನಾಲ್ಕು ತೊಳೆ ತಿಂದ್ರೆ ಆಕಾಶ ಬೀಳಲ್ಲ. ಆದ್ರೆ ಔಷಧಿ ಅಂತ ದಿನಾ ಬೆಂಡು ಜಗಿಯೋದು ಬೇರೆ ಲೆಕ್ಕ, ಫ್ಯೂರಾನೊಕೌಮರಿನ್ ಸಿಪ್ಪೆ ಕಡೆಗೂ ಇರುತ್ತೆ. ಅದನ್ನ ನಿಲ್ಲಿಸಿ, ಡಾಕ್ಟ್ರಿಗೆ ಹೇಳಿ. ಕಾರಣ ಇಲ್ಲದೆ ತೊಡೆ, ಭುಜದ ಮಾಂಸಖಂಡ ನೋವು, ಸುಸ್ತು, ಮೂತ್ರ ಕಾಫಿ ಬಣ್ಣ ಆದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ತೋಟದಮನೆ_ಮೂಡಿಗೆರೆ

ಅಯ್ಯೋ ನೋವು ಗೀವು ಏನಿಲ್ಲ, ನಿನ್ನೆ ಇಡೀ ದಿನ ಮೆಣಸಿನ ಬಳ್ಳಿ ಕಟ್ಟಿಸಿದಾರೆ. ಅಪ್ಪನಿಗೆ ಇದನ್ನ ಓದಿ ಹೇಳ್ದೆ, ಅವರ ಪ್ರಶ್ನೆ: ಬೆಂಡು ಬೆಳಿಗ್ಗೆ, ಮಾತ್ರೆ ರಾತ್ರಿ, ಮಧ್ಯೆ ಅಷ್ಟು ಗಂಟೆ ಇದೆಯಲ್ಲ, ಹೆಂಗೆ ಒಂದಕ್ಕೊಂದು ಸಿಗ್ತವೆ ಅಂತ.

ಮಾತ್ರೆಡಬ್ಬಿ_ಚಿಕ್ಕಮಗಳೂರು

ಒಳ್ಳೇ ಪ್ರಶ್ನೆ ಕೇಳಿದಾರೆ ಯಜಮಾನ್ರು. ಬರ್ಗಮಾಟಿನ್ ಆ ಕಿಣ್ವನ ತಡೆದು ನಿಲ್ಸೋದಲ್ಲ, ಪೂರ್ತಿ ಹಾಳು ಮಾಡುತ್ತೆ. ಕರುಳು ಹೊಸಾ ಕಿಣ್ವ ತಯಾರು ಮಾಡ್ಬೇಕು, ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತೆ. ಒಂದು ಲೋಟ ಜ್ಯೂಸ್ ಸಾಕು ಒಂದು ದಿನಕ್ಕೂ ಮೀರಿ ಪರಿಣಾಮ ಇರೋಕೆ. ಹಂಗಾಗಿ ಬೆಳಿಗ್ಗೆ ರಾತ್ರಿ ಅಂತ ಗ್ಯಾಪ್ ಕೊಟ್ಟು ತಪ್ಪಿಸ್ಕೊಳ್ಳೋಕೆ ಆಗಲ್ಲ.

ನೇಚರ್_ಕ್ಯೂರ್_ಕಡೂರು

ಅಲ್ರೀ, ಹಂಗಾದ್ರೆ ತಪ್ಪು ಫ್ಯೂರಾನೊ ಏನೋ ಅದರದ್ದು, ನರಿಂಜಿನ್‌ದಲ್ಲ ಅಂತ ನೀವೇ ಒಪ್ಪಿದ್ರಿ. ಹಣ್ಣು ಬೇಡ, ಶುದ್ಧ ನರಿಂಜಿನ್ ಕ್ಯಾಪ್ಸೂಲ್ ತಗೊಂಡ್ರೆ ಸರಿ ತಾನೇ?

ಮಾತ್ರೆಡಬ್ಬಿ_ಚಿಕ್ಕಮಗಳೂರು

ಪೂರ್ತಿ ಹಂಗೂ ಅಲ್ಲ. ಕೊಯ್ಲು ಟೈಮಲ್ಲಿ ಕಾಫಿ ಪಲ್ಪರ್ ಹತ್ರ, ಮೆಣಸು ಒಣಗಿಸೋ ಕಣದಲ್ಲಿ ಧೂಳಿಗೆ ಸೀನ್ತಾ ಬಂದು ಫೆಕ್ಸೊಫೆನಡಿನ್ ಕೇಳೋರು ನನ್ನ ಹತ್ರ ಬಹಳ. ಆ ಮಾತ್ರೆ ಕರುಳಿಂದ ಒಳಗೆ ಹೋಗೋಕೆ ಒಂದು ಸಾಗಣೆ ಪ್ರೋಟೀನ್ ಬೇಕು. ಅದನ್ನ ತಡೆಯೋದರಲ್ಲಿ ನರಿಂಜಿನ್ ಕೈವಾಡ ಇದೆ ಅಂತ 2007ರಲ್ಲಿ ಅದೇ ಬೈಲಿ ತಂಡ ತೋರಿಸ್ತು. ಇಲ್ಲಿ ಮಾತ್ರೆ ಏರಲ್ಲ, ಇಳಿಯುತ್ತೆ, ಅಂದ್ರೆ ತಗೊಂಡಿದ್ದೂ ವೇಸ್ಟು, ಸೀನೋದೂ ನಿಲ್ಲಲ್ಲ. ಆ ಮಾತ್ರೆನ ಯಾವ ಹಣ್ಣಿನ ರಸದಲ್ಲೂ ನುಂಗಬೇಡಿ, ನೀರಲ್ಲೇ ನುಂಗಿ ಅಂತ ನಾನು ಕವರ್ ಮೇಲೆ ಬರೆದು ಕೊಡ್ತೀನಿ.

ಕ್ಯಾಪ್ಸೂಲ್ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ದುಡ್ಡು ದಂಡ. ಕೊಲೆಸ್ಟ್ರಾಲ್ ಇಳಿಸುತ್ತೆ ಅನ್ನೋದು ದೊಡ್ಡ ಪರೀಕ್ಷೇಲಿ ನಿಲ್ಲಲಿಲ್ಲ, ಸಿಟ್ರಸ್ ಸಾರ ಅಂತ ಡಬ್ಬಿ ಮೇಲೆ ಬರೆದಿದ್ರೆ ಒಳಗೆ ಬರ್ಗಮಾಟಿನ್ ಎಷ್ಟಿದೆ ಅಂತ ಯಾರೂ ಬರೆಯಲ್ಲ. ಮಾತ್ರೆ ತಗೊಳ್ಳದ ಆರೋಗ್ಯವಂತರು ಚಕ್ಕೋತನ ಹಣ್ಣಾಗಿ ತಿನ್ನಲಿ, ಚೆನ್ನಾಗಿ ತಿನ್ನಲಿ. 100 ಗ್ರಾಂ ತೊಳೇಲಿ 60 ಮಿಲಿಗ್ರಾಂ ಸುಮಾರು ವಿಟಮಿನ್ ಸಿ, 40 ಕ್ಯಾಲೊರಿಗಿಂತ ಕಮ್ಮಿ, ಪೊಟ್ಯಾಸಿಯಂ 200 ಮಿಲಿಗ್ರಾಂ ಮೇಲೆ. ಕಿಡ್ನಿ ತೊಂದ್ರೆ ಇರೋರು ಆ ಪೊಟ್ಯಾಸಿಯಂ ನೋಡ್ಕೋಬೇಕು. ಬೆಂಡಲ್ಲಿ ಪೆಕ್ಟಿನ್ ತುಂಬಾ ಇದೆ, ಆ ನಾರು ಕೊಲೆಸ್ಟ್ರಾಲನ್ನ ಸ್ವಲ್ಪ ಇಳಿಸೋದು ನಿಜ, ಕುದಿಸಿ ಕಹಿ ಚೆಲ್ಲಿದ ಮೇಲೂ ಬಹಳಷ್ಟು ಪೆಕ್ಟಿನ್ ಬೆಂಡಲ್ಲೇ ಉಳಿಯುತ್ತೆ. ಕಹಿಗೆ ಸಿಗ್ತಿರೋ ಹೆಸರಲ್ಲಿ ನಾರಿಗೂ ಪಾಲಿದೆ ಅಂತ ನನಗನ್ಸುತ್ತೆ.

ನೇಚರ್_ಕ್ಯೂರ್_ಕಡೂರು

ಪೆಕ್ಟಿನ್ ಮಾತು ಒಪ್ತೀನಿ. ಮಿಕ್ಕಿದ್ದು ನೀವು ಔಷಧಿ ಅಂಗಡಿಯೋರು, ಹಂಗೇ ಹೇಳ್ತೀರಿ 🙂

ಮಾತ್ರೆಡಬ್ಬಿ_ಚಿಕ್ಕಮಗಳೂರು

ಆ ಕ್ಯಾಪ್ಸೂಲ್ ಮಾರಿದ್ರೆ ನನಗೆ ಸ್ಟ್ಯಾಟಿನ್‌ಗಿಂತ ನಾಲ್ಕು ಪಟ್ಟು ಲಾಭ ಸಾರ್, ಆದ್ರೂ ಬೇಡ ಅಂತಿದೀನಿ. 🙏

ಡಿಗ್ರಿಹುಡುಗಿ_ಹಾಸನ

ಬಿಎಸ್ಸಿ ಎರಡನೇ ವರ್ಷ. ಮೇಷ್ಟ್ರೇ, ಮನೇಲೇ ನರಿಂಜಿನ್ ಇದೆ ಅಂತ ತೋರ್ಸೋಕೆ ಏನಾದ್ರೂ ಸುಲಭ ಪರೀಕ್ಷೆ ಇದ್ಯಾ? ನಮ್ಮ ಲ್ಯಾಬಲ್ಲಿ ಮೆಗ್ನೀಸಿಯಂ ತುಂಡು ಮತ್ತೆ ಎಚ್‌ಸಿಎಲ್ ಹಾಕಿ ಪಿಂಕ್ ಬಂದ್ರೆ ಫ್ಲೇವನಾಯ್ಡ್ ಅಂತ ಮಾಡ್ತೀವಿ, ಮನೇಲಿ ಆಸಿಡ್ ಮುಟ್ಟೋಕೆ ಅಮ್ಮ ಬಿಡಲ್ಲ.

ರಸಾಯನ_ಮೇಷ್ಟ್ರು_ಹಾಸನ

ಅಮ್ಮ ಹೇಳಿದ್ದೇ ಸರಿ. ಅಜ್ಜಿ ಎಲೆಅಡಿಕೆ ತಟ್ಟೇಲಿ ಸುಣ್ಣದ ಡಬ್ಬಿ ಇರುತ್ತಲ್ಲ, ಅದು ಸಾಕಮ್ಮ. ಚಕ್ಕೋತದ ಬಿಳೀ ಬೆಂಡು ಒಂದು ತುಂಡು ಚಾಕುವಲ್ಲಿ ಸಾಪಾಗಿ ಕತ್ತರಿಸು. ಒಂದು ಮೂಲೆಗೆ ತೇವದ ಸುಣ್ಣ ತೆಳ್ಳಗೆ ಸವರು, ಇನ್ನೊಂದು ಮೂಲೆಗೆ ಬರೀ ನೀರು. ಸುಣ್ಣ ತಾಗಿದ ಕಡೆ ಬಿಳೀ ಹೋಗಿ ಹಳದಿ ಏರುತ್ತೆ, ನೀರು ಹಾಕಿದ ಕಡೆ ಹಂಗೇ ಇರುತ್ತೆ. ಕ್ಷಾರ ಬಿದ್ದ ತಕ್ಷಣ ಫ್ಲೇವನೋನ್‌ನ (ನರಿಂಜಿನ್ ಸೇರೋ ಫ್ಲೇವನಾಯ್ಡ್ ಗುಂಪು) ಮಧ್ಯದ ಉಂಗುರ ಬಿಚ್ಚಿ ಚಾಲ್ಕೋನ್ ಆಗುತ್ತೆ, ಚಾಲ್ಕೋನ್ ಹಳದಿ. ಅದೇ ಜಾಗಕ್ಕೆ ನಿಂಬೆರಸ ಜಾಸ್ತಿ ಹಿಂಡಿದ್ರೆ ಹಳದಿ ಮಂಕಾಗುತ್ತೆ, ಹುಳಿಗೆ ಉಂಗುರ ಮತ್ತೆ ಮುಚ್ಚಿಕೊಳ್ಳೋಕೆ ಹೋಗುತ್ತೆ.

ಒಂದು ಮಾತು ನೆನಪಿಟ್ಕೋ, ಇದು ನರಿಂಜಿನ್ ಒಂದಕ್ಕೇ ಬರೋ ಬಣ್ಣ ಅಲ್ಲ. ಕಿತ್ತಳೆ ಸಿಪ್ಪೆ ಒಳಭಾಗಕ್ಕೆ ಸವರಿದ್ರೂ ಹೆಸ್ಪೆರಿಡಿನ್‌ಗೆ ಹಳದಿ ಬರುತ್ತೆ. ಕಹಿ ಇದ್ಯಾ ಇಲ್ವಾ ಅಂತ ನಾಲಿಗೆನೇ ಹೇಳ್ಬೇಕು. ಸುಣ್ಣ ಸವರಿದ ತುಂಡನ್ನ ನೆಕ್ಕಿ ನೋಡ್ಬೇಡ ಮತ್ತೆ, ಬೇರೆ ತುಂಡು ನೆಕ್ಕು.

ಡಿಗ್ರಿಹುಡುಗಿ_ಹಾಸನ

ಬಂತು ಸಾರ್!! ಚಕ್ಕೋತ ಸಿಗ್ಲಿಲ್ಲ, ಕಟ್ಟಿನಕೆರೆ ಮಾರ್ಕೆಟಿಂದ ತಂದಿದ್ದ ಕಿತ್ತಳೆ ಸಿಪ್ಪೆಗೆ ಸವರಿದೆ, ಅರಿಶಿನ ಹಚ್ಚಿದಂಗೆ ಆಯ್ತು. ಅಜ್ಜಿ ಸುಣ್ಣ ಖಾಲಿ ಮಾಡ್ದೆ ಅಂತ ಬೈತಿದಾರೆ. ಮೂಡಿಗೆರೆ ಅಂಕಲ್, ನಿಮ್ಮ ಕಡೆಯಿಂದ ಯಾರಾದ್ರೂ ಹಾಸನಕ್ಕೆ ಬರೋರಿದ್ರೆ ಒಂದು ಚಕ್ಕೋತ ಕಳ್ಸಿ ಪ್ಲೀಸ್.

ಸಕಲೇಶಪುರದ_ಅತ್ತಿಗೆ

ಆ ಕಿತ್ತಳೆ ಸಿಪ್ಪೆ ಬಿಸಾಕ್ಬೇಡ ಪುಟ್ಟಿ, ಸುಣ್ಣ ತಾಗದೇ ಇರೋದನ್ನ ಸಣ್ಣಗೆ ಹೆಚ್ಚಿ ಎಣ್ಣೇಲಿ ಬಾಡಿಸಿ ಸಿಪ್ಪೆ ಗೊಜ್ಜು ಮಾಡ್ಸು ಅಮ್ಮನ ಹತ್ರ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ ಕಲಸ್ಕೊಂಡ್ರೆ ಸಾಕು.

ತೋಟದಮನೆ_ಮೂಡಿಗೆರೆ

ಎಲ್ರಿಗೂ ಥ್ಯಾಂಕ್ಸ್. ಡಾಕ್ಟ್ರ ಹತ್ರ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಮಾತ್ರೆ ಮುಂದುವರ್ಸಿ, ದಿನಾ ಬೆಂಡು ಬೇಡ, ಹಣ್ಣು ಯಾವಾಗಾದ್ರೂ ಒಂದೆರಡು ತೊಳೆ ಸಾಕು ಅಂದ್ರು, ರಕ್ತ ಪರೀಕ್ಷೆಗೆ ಬರೆದಿದ್ದಾರೆ. ಅಪ್ಪ ಮನಸ್ಸಿಲ್ಲದ ಮನಸ್ಸಲ್ಲಿ ಒಪ್ಪಿದಾರೆ, ಕುದಿಸಿದ ಬೆಂಡಿನ ಗೊಜ್ಜು ತಿನ್ನಬಹುದಾ ಅಂತ ಅಲ್ಲೂ ಚೌಕಾಸಿ ಮಾಡಿದ್ರು, ಡಾಕ್ಟ್ರು ನಕ್ಕು ಸುಮ್ಮನಾದ್ರು.

ಹಾಸನದ ಪುಟ್ಟಿ, ನಾಳೆ ನಮ್ಮ ತೋಟದ ರೈಟರ್ ಬರ್ತಾರೆ, ಎರಡು ಕಾಯಿ ಕೊಟ್ಟು ಕಳಿಸ್ತೀನಿ. ಮೇಷ್ಟ್ರೇ ಕೊನೇದಾಗಿ ಒಂದು, ಈ ಮರದ ಬೀಜ ಹಾಕಿದ್ರೆ ಗಿಡ ಕಮ್ಮಿ ಕಹಿದು ಬರಬಹುದಾ? ಇಲ್ಲಾ ದೇವನಹಳ್ಳಿ ಚಕ್ಕೋತದ ಗಿಡಾನೇ ತರ್ಸೋದು ವಾಸಿನಾ, ಅದು ಸಿಹಿ ಅಂತಾರೆ, ಜಿಐ ಟ್ಯಾಗ್ ಬೇರೆ ಸಿಕ್ಕಿದೆ ಅದಕ್ಕೆ.

ರಸಾಯನ_ಮೇಷ್ಟ್ರು_ಹಾಸನ

ಬೀಜದ ಗಿಡ ಲಾಟರಿ. ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತೆ, ಅದ್ರಲ್ಲಿ ತಾಯಿ ಥರಾನೇ ಬರೋ ಗಿಡಾನೂ ಸಿಗುತ್ತೆ. ಚಕ್ಕೋತದ ಬೀಜಕ್ಕೆ ಒಂದೇ ಭ್ರೂಣ, ಅದೂ ಪರಾಗಸ್ಪರ್ಶ ಆಗಿ ಬಂದಿದ್ದು, ತಾಯಿ ಥರ ಬರಲ್ಲ. ಕಹಿ ಕಮ್ಮಿ ಆಗಬಹುದು, ಜಾಸ್ತಿನೂ ಆಗಬಹುದು, ಗೊತ್ತಾಗೋಕೆ ವರ್ಷಗಟ್ಟಲೆ ಕಾಯಬೇಕು. ರುಚಿ ನೋಡಿ ಒಪ್ಪಿದ ಮರದಿಂದ ಗೂಟಿ ಕಟ್ಟಿ (ಮರದಲ್ಲಿರೋ ಕೊಂಬೆಗೇ ಬೇರು ಬರಿಸಿ) ಇಲ್ಲಾ ಕಸಿ ಮಾಡಿದ ಗಿಡ ತನ್ನಿ, ಮಳೆಗಾಲ ಶುರುವಾಗೋ ಹೊತ್ತಿಗೆ ಗೂಟಿ ಕಟ್ಟಿದ್ರೆ ಬೇರು ಚೆನ್ನಾಗಿ ಬರುತ್ತೆ.

ಬೇಲೂರು_ಬಸ್ಸು

ಗೂಟಿ ಕಟ್ಟೋವಾಗ ನಮಗೂ ಒಂದು ಕಟ್ಟಿಡಿ ಅಣ್ಣ, ಆ ಸೂಜಿಮೆಣಸು ಹಾಕಿದ್ದು ಓದಿ ಬಾಯಲ್ಲಿ ನೀರು ಬಂತು. ನಾನು ಯಾವ ಮಾತ್ರೆನೂ ತಗೊಳ್ಳಲ್ಲ, ಮಾತ್ರೆಡಬ್ಬಿ ಸಾರ್ ಪರ್ಮಿಷನ್ ಇದೆ ತಾನೇ?

ಮಾತ್ರೆಡಬ್ಬಿ_ಚಿಕ್ಕಮಗಳೂರು

ಇದೆ, ತಿನ್ನಿ. ಸೂಜಿಮೆಣಸಿಗೆ ಮಾತ್ರ ನಾನು ಜವಾಬ್ದಾರಿ ಅಲ್ಲ.